ಸೇಥನ್‌ನ ಹಿಮದಲ್ಲಿ ಸ್ನೋಶೂ ನಡಿಗೆ: ನಾವು ವಾಪಸ್ ತಿರುಗಿದ್ದು ಸರಿಯಾ, ತಪ್ಪಾ?

ಕೋಟೆಗುಡ್ಡ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತುವ ನಮ್ಮ ಗುಂಪು ಈ ಸಲ ಫೆಬ್ರವರಿಯಲ್ಲಿ ಹಿಮಾಚಲಕ್ಕೆ ಹೋಗಿ ಬಂತು. ಒಟ್ಟು 8 ಜನ. ಬಳ್ಳಾರಿಯವರು ನಾಲ್ವರು, ರಾಯಚೂರಿನವರು ಇಬ್ಬರು, ಕೊಪ್ಪಳ ಕಡೆಯವರು ಇಬ್ಬರು. ಬಂದಾಗಿನಿಂದ ಒಂದೇ ಜಗಳ. ಎರಡನೇ ದಿನ ಮುಟ್ಟಬೇಕಾದ ಜಾಗ ಕಣ್ಣಿಗೆ ಕಾಣುತ್ತಿತ್ತು, ಆದರೂ ತಿರುಗಿ ಬಂದೆವು. ತಿರುಗಿಸಿದವನು ನಾನೇ. ಒಬ್ಬರಂತೂ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ, ನೀವೇ ಹೇಳಿ.

ಮೊದಲು ಜಾಗದ ವಿಷಯ. ಸೇಥನ್ ಅಂದರೆ ಮನಾಲಿಯ ಮೇಲೆ, ಹಾಮ್ಟಾ ಕಣಿವೆಯ ಬಾಯಲ್ಲಿರುವ ಸಣ್ಣ ಊರು. ಎತ್ತರ ಸುಮಾರು 2,700 ಮೀಟರ್. ನಮ್ಮ ಬಳ್ಳಾರಿ 500 ಮೀಟರ್ ಕೂಡ ಇಲ್ಲ. ಬಳ್ಳಾರಿಯವರು, ಕೊಪ್ಪಳದವರು ಗುಂತಕಲ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ರಾಯಚೂರಿನವರು ಅದೇ ಗಾಡಿಗೆ ಅವರ ಸ್ಟೇಷನ್‌ನಲ್ಲಿ ಹತ್ತಿದರು. ದಿಲ್ಲಿಯಿಂದ ರಾತ್ರಿ ಬಸ್ಸು. ಮನಾಲಿಯಲ್ಲಿ ಒಂದು ರಾತ್ರಿ ಇದ್ದು, ಮಾರನೇ ದಿನ ಪ್ರೀಣಿ ಊರಿನಿಂದ ಮೇಲೆ ಹೋಗುವ ರಸ್ತೆ ಹಿಡಿದೆವು. ಅದು ಬರೀ ತಿರುವು. ಚಳಿಗಾಲದಲ್ಲಿ ಫೋರ್ ವೀಲ್ ಜೀಪು ಬಿಟ್ಟರೆ ಬೇರೆ ಏನೂ ಏರುವುದಿಲ್ಲ. ಅದೂ ಹಿಮ ಜಾಸ್ತಿಯಾದ ಕಡೆ ನಿಂತು ಇಳಿಸಿಬಿಡುತ್ತದೆ.

ಸ್ನೋಶೂ ನೋಡಿದವರು ಕಡಿಮೆ ಇರಬಹುದು. ಅಲ್ಯೂಮಿನಿಯಂ ಕಂಬಿ ಬಗ್ಗಿಸಿ, ಮಧ್ಯೆ ಗಟ್ಟಿ ಹಾಳೆ ಬಿಗಿದಿರುತ್ತಾರೆ. ಬೂಟಿನ ಮುಂಭಾಗ ಮಾತ್ರ ಪಟ್ಟಿಯಿಂದ ಕಟ್ಟುವುದು, ಹಿಮ್ಮಡಿ ಎದ್ದು ಎದ್ದು ಕೂರುತ್ತದೆ. ಅಡಿಯಲ್ಲಿ ಕಬ್ಬಿಣದ ಹಲ್ಲು ಇರುತ್ತದೆ, ಜಾರಬಾರದು ಅಂತ. ನಮ್ಮ ಜೊತೆ ಬಂದ ಅಕ್ಕ ಮೊದಲ ಸಲ ನೋಡಿದವರೇ "ಇದೇನ್ರೀ, ಕಾಲಿಗೆ ಮೊರ ಕಟ್ಟಿಕೊಂಡು ಹೋಗಬೇಕಾ?" ಅಂದರು. ಆಮೇಲೆ ಇಡೀ ಟ್ರಿಪ್ಪು ಅದರ ಹೆಸರು ಮೊರ ಅಂತಲೇ ಆಯಿತು.

ಮೊದಲ ದಿನ ಊರ ಸುತ್ತಮುತ್ತ ಅಭ್ಯಾಸ. ಎರಡನೇ ದಿನ ದೊಡ್ಡ ನಡಿಗೆ. ದೇವದಾರು ಕಾಡು ದಾಟಿ ಮೇಲಿನ ಥಾಚ್‌ಗೆ ಹೋಗುವುದು. ಥಾಚ್ ಅಂದರೆ ಅಲ್ಲಿಯವರ ಮಾತಿನಲ್ಲಿ ಕುರಿ ಮೇಯಿಸುವ ಹುಲ್ಲುಗಾವಲು. ಸುಮಾರು 3,100 ಮೀಟರ್. ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಅಂತ ಹಿಂದಿನ ರಾತ್ರಿಯೇ ಮಾತಾಗಿತ್ತು. 12:20ಕ್ಕೆ ನಮ್ಮ ಮೇಷ್ಟ್ರ ಬಲಗಾಲಿನ ಸ್ನೋಶೂ ಪಟ್ಟಿ ಬಕಲ್ ಹತ್ತಿರ ಪಟ್ ಅಂತ ಕಿತ್ತಿತು. ಬಾಡಿಗೆ ಸಾಮಾನು, ಹಳೆಯದು. ಆ ಚಳಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೊಡುವಾಗ ನಾವು ಯಾರೂ ಬಗ್ಗಿಸಿ ನೋಡಲಿಲ್ಲ.

ಮೇಷ್ಟ್ರು ಆ ಕಾಲು ಕೆಳಗಿಟ್ಟರು, ತೊಡೆಯವರೆಗೆ ಇಳಿಯಿತು. ಎಳೆದು ತೆಗೆದರು. ಇನ್ನೊಂದು ಹೆಜ್ಜೆ, ಮತ್ತೆ ತೊಡೆಯವರೆಗೆ. ಹತ್ತು ಹೆಜ್ಜೆಗೆ ಕೂತುಬಿಟ್ಟರು. ಪಟ್ಟಿಯನ್ನು ಲಾಡಿ ಹಾಕಿ ಕಟ್ಟುವಷ್ಟರಲ್ಲಿ ಹತ್ತತ್ತಿರ ಅರ್ಧ ಗಂಟೆ ಹೋಯಿತು. ಥಾಚ್ ಅಲ್ಲೇ ಕಾಣುತ್ತಿತ್ತು, ಹೆಚ್ಚೆಂದರೆ 40 ನಿಮಿಷದ ದಾರಿ. ನಾನು "ಸಾಕು, ಇಳಿಯೋಣ" ಅಂದೆ. ಗೈಡ್ ತಲೆ ಆಡಿಸಿದ. ಇಳಿದೆವು.

ಈಗ ಹೇಳಿ.

ಜಿನ್ನಿಂಗ್ ಮಿಲ್ (ರಾಯಚೂರು)

ಅಣ್ಣ, ತೀರ್ಪು ಆಮೇಲೆ. ಮೊದಲು ನನಗೆ ಒಂದು ಅರ್ಥ ಆಗಬೇಕು. ತೊಡೆಯವರೆಗೆ ಇಳಿಯುತ್ತದೆ ಅಂದರೆ ನಮ್ಮ ಮಿಲ್ಲಿನ ಹತ್ತಿ ರಾಶಿ ಮೇಲೆ ಹತ್ತಿದ ಹಾಗಾ? ಚಿಕ್ಕವನಿದ್ದಾಗ ಅದರಲ್ಲಿ ಹಾರಿ ಬೈಸಿಕೊಂಡಿದ್ದೇನೆ. ಒಂದು ಕಾಲು ತೆಗೆಯಲು ಹೋದರೆ ಇನ್ನೊಂದು ಇಳಿಯುತ್ತದೆ. ಆಸರೆಗೆ ಕೈ ಊರಿದರೆ ಕೈಯೂ ಒಳಗೆ.

ಕೋಟೆಗುಡ್ಡ (ಬಳ್ಳಾರಿ)

ಅದೇ ತಮ್ಮ, ಸರಿಯಾಗಿ ಹೇಳಿದೆ. ಒದ್ದೆ ಹತ್ತಿ ಅಂದುಕೋ, ಅದೂ ಗುಡ್ಡದ ಇಳಿಜಾರಿನಲ್ಲಿ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಜಾಸ್ತಿ ಇರುತ್ತದೆ. ಹಳೆಯದಾದರೆ ಕೂತು ಗಟ್ಟಿಯಾಗುತ್ತದೆ. ನಾವು ಹೋಗುವ ಎರಡು ದಿನ ಮೊದಲು ಚೆನ್ನಾಗಿ ಬಿದ್ದಿತ್ತು.

ಜಿನ್ನಿಂಗ್ ಮಿಲ್ (ರಾಯಚೂರು)

ಹಾಗಾದರೆ ಲೆಕ್ಕ ಸುಲಭ. ನಿಮ್ಮ ಬೂಟಿನ ಅಡಿ ಹೆಚ್ಚೆಂದರೆ 300 ಚದರ ಸೆಂಟಿಮೀಟರ್. 25 ಇಂಚಿನ ಸ್ನೋಶೂ, 8 ಇಂಚು ಅಗಲ ಅಂದರೆ ಸಾವಿರದ ಮೇಲೆ. ಅದೇ ತೂಕ, ಮೂರು-ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಯಿತು. ಗಂಗಾವತಿ ಕಡೆ ಕೆಸರು ಗದ್ದೆಯಲ್ಲಿ ಹಲಗೆ ಮೇಲೆ ನಿಂತರೆ ಇಳಿಯುವುದಿಲ್ಲವಲ್ಲ, ಅದೇ ಲೆಕ್ಕ. ಮೇಷ್ಟ್ರ ಒಂದು ಕಾಲು ಹಲಗೆ ಮೇಲೆ, ಇನ್ನೊಂದು ಕೆಸರಲ್ಲಿ. ಸೊಂಟ ಏನಾಗಿರಬೇಡ!

ಕೋಟೆಗುಡ್ಡ (ಬಳ್ಳಾರಿ)

ಲೆಕ್ಕ ಸರಿ. ಆದರೆ ಸ್ನೋಶೂ ಹಾಕಿದರೆ ಹಿಮದ ಮೇಲೆ ತೇಲುತ್ತೇವೆ ಅಂತ ನಂಬಿ ಹೋಗಬೇಡಿ. ಆಗಲೂ ಅರ್ಧ ಅಡಿ, ಕೆಲವು ಕಡೆ ಮಂಡಿಯ ಹತ್ತಿರದವರೆಗೂ ಇಳಿಯುತ್ತದೆ. ಮುಂದೆ ಹೋಗುವವನದು ಎಲ್ಲರಿಗಿಂತ ಕಷ್ಟ. ಅವನು ತುಳಿದ ದಾರಿಯಲ್ಲಿ ಹಿಂದಿನವರು ಆರಾಮಾಗಿ ಬರುತ್ತಾರೆ. ಅದಕ್ಕೆ ಪಾಳಿ ಮಾಡಿಕೊಂಡೆವು. ಒಬ್ಬರು ಐದು ನಿಮಿಷ ಮುಂದೆ, ಆಮೇಲೆ ಪಕ್ಕಕ್ಕೆ ಸರಿದು ನಿಂತು ಸಾಲಿನ ಕೊನೆಗೆ ಸೇರುವುದು. ಶುರುವಿನಲ್ಲಿ ಎಲ್ಲರಿಗೂ ಹುಮ್ಮಸ್ಸು, ನಾನು ನಾನು ಅಂತ. ಒಂದು ಗಂಟೆ ಆದಮೇಲೆ ಎಲ್ಲರೂ ಶೂ ಲೇಸ್ ಕಟ್ಟಿಕೊಳ್ಳುವವರೇ.

ಇನ್ನೊಂದು, ಸ್ನೋಶೂ ಹಾಕಿಕೊಂಡು ಹಿಂದಕ್ಕೆ ಹೆಜ್ಜೆ ಇಡಬಾರದು. ಬಾಲ ಹಿಮಕ್ಕೆ ಚುಚ್ಚಿಕೊಂಡು ಧೊಪ್ ಅಂತ ಕೂರುತ್ತೀರಿ. ಫೋಟೋಗೆ ಸ್ವಲ್ಪ ಹಿಂದೆ ಹೋಗಿ ಅಂತ ಹೇಳಿದವನೂ ನಾನೇ, ಬಿದ್ದವನೂ ನಾನೇ.

ಗಂಗಾವತಿ ಅಕ್ಕ (ಕೊಪ್ಪಳ)

ಮೊರ ಅಂದ ಅಕ್ಕ ನಾನೇ. ಇವರು ಬಿದ್ದ ಫೋಟೋ ನನ್ನ ಹತ್ತಿರ ಇದೆ, ಯಾರಿಗೆ ಬೇಕು?

ಹೆಣ್ಣುಮಕ್ಕಳು ನನಗೆ ಒಳಗಡೆ ಮೆಸೇಜ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ, ನಾಚಿಕೆ ಏನಿಲ್ಲ. ದಾರಿಯಲ್ಲಿ ಬಯಲೇ ಗತಿ. ಒಬ್ಬರೇ ಹೋಗಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಲ್ಲಿಸಿ. ಮೊರ ಬಿಚ್ಚಬೇಡಿ. ಬಿಚ್ಚಿದರೆ ಸೊಂಟದವರೆಗೆ ಇಳಿಯುತ್ತೀರಿ, ಆಮೇಲೆ ಆ ಅವಸ್ಥೆಯಲ್ಲಿ ಎಳೆಯಲು ಯಾರನ್ನು ಕರೆಯುತ್ತೀರಿ? ಮರದ ಬುಡ ಮರೆ ಅಂತ ಅಲ್ಲಿಗೆ ಹೋಗಲೇಬೇಡಿ. ದೊಡ್ಡ ದೇವದಾರು ಮರದ ಕೊಂಬೆಗಳು ಕೊಡೆ ಹಾಗೆ ಹಿಮ ತಡೆದು, ಬುಡದ ಸುತ್ತ ಸಡಿಲ ಗುಂಡಿ ಉಳಿದಿರುತ್ತದೆ. ಮೇಲಿನಿಂದ ಕಾಣುವುದಿಲ್ಲ. ತಲೆಕೆಳಗಾಗಿ ಬಿದ್ದರೆ ಪಕ್ಕದ ಹಿಮ ಮೈಮೇಲೆ ಬೀಳುತ್ತದೆ. ನಮ್ಮ ಗೈಡ್ ಕೋಲು ಚುಚ್ಚಿ ತೋರಿಸಿದ. ಇಡೀ ಕೋಲು ಒಳಗೆ ಹೋಯಿತು. ಕಾಗದ-ಗೀಗದ ಏನಿದ್ದರೂ ಒಂದು ಕವರ್‌ನಲ್ಲಿ ಹಾಕಿ ವಾಪಸ್ ತನ್ನಿ. ಹಿಮ ಕರಗಿದರೆ ಅದು ಕೆಳಗಿನ ಊರಿನವರು ಕುಡಿಯುವ ನೀರು.

ಜೀನ್ಸ್ ಯೂನಿಟ್ (ಬಳ್ಳಾರಿ)

ಮಾನ ಹೋದ ಮೇಲೆ ನಾನೂ ಬಂದೆ. ಗುಂಪಿನಲ್ಲಿ ಜೀನ್ಸ್ ಹಾಕಿಕೊಂಡು ಹಿಮಕ್ಕೆ ಹೋದ ಮಹಾನುಭಾವ ನಾನು. ಇಪ್ಪತ್ತು ವರ್ಷ ಜೀನ್ಸ್ ಹೊಲಿಸಿ ಹೊಟ್ಟೆ ಹೊರೆದವನು, ನಮ್ಮ ಊರ ಮಾಲು ಎಲ್ಲಿಯಾದರೂ ನಡೆಯುತ್ತದೆ ಅಂದುಕೊಂಡೆ. ಒಳಗೆ ಥರ್ಮಲ್ ಇತ್ತು, ಸಾಕು ಅನ್ನಿಸಿತ್ತು. ಮೊದಲ ದಿನ ಒಂದು ಗಂಟೆಯಲ್ಲಿ ಮಂಡಿ ಕೆಳಗೆ ಒದ್ದೆ. ನೆರಳಿಗೆ ಬಂದ ಕೂಡಲೇ ಅದು ತಗಡಿನ ಕೊಳವೆ ಆಯಿತು. ತಮಾಷೆ ಮಾಡುತ್ತಿಲ್ಲ, ರಾತ್ರಿ ಬಿಚ್ಚಿ ಹೊರಗಿಟ್ಟರೆ ಬೆಳಿಗ್ಗೆ ಗೋಡೆಗೆ ಒರಗಿಕೊಂಡು ತಾನೇ ನಿಂತಿತ್ತು.

ಹತ್ತಿ ಬಟ್ಟೆ ನೀರು ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ, ಮೈ ಬಿಸಿ ಎಲ್ಲಾ ಎಳೆದುಕೊಳ್ಳುತ್ತದೆ. ಬನಿಯನ್ ಸಮೇತ ಹತ್ತಿ ಬೇಡ. ಒಳಗೆ ಬೆವರು ಹೊರಹಾಕುವ ಸಿಂಥೆಟಿಕ್ ಇಲ್ಲ ಉಲನ್, ಮಧ್ಯೆ ಫ್ಲೀಸ್, ಮೇಲೆ ಗಾಳಿ-ನೀರು ತಡೆಯುವ ಜಾಕೆಟ್, ಪ್ಯಾಂಟು. ಬೂಟಿನ ಮೇಲೆ ಗೇಟರ್, ಅಂದರೆ ಹಿಮ ಬೂಟಿನೊಳಗೆ ಹೋಗದ ಹಾಗೆ ಮಂಡಿ ಕೆಳಗೆ ಸುತ್ತುವ ಪಟ್ಟಿ. ಹೊರಡುವಾಗ ಸ್ವಲ್ಪ ಚಳಿ ಆಗುವಷ್ಟೇ ಹಾಕಿಕೊಳ್ಳಿ, ಹತ್ತು ನಿಮಿಷ ನಡೆದರೆ ಬೆವರು ಬರುತ್ತದೆ. ನಿಂತ ಕೂಡಲೇ ದಪ್ಪ ಜಾಕೆಟ್. ಎರಡನೇ ದಿನ ನನಗೆ ಗೈಡ್ ತನ್ನ ಅಣ್ಣನ ಪ್ಯಾಂಟು ಕೊಟ್ಟ. ಸೊಂಟಕ್ಕೆ ಆಗಲಿಲ್ಲ, ಆ ಕಥೆ ಬೇಡ.

ಬಿಸಿಲೂರು (ರಾಯಚೂರು)

ಅಲ್ಲಾ, ನಾವು ಮೇ ತಿಂಗಳಲ್ಲಿ 43 ಡಿಗ್ರಿ ನುಂಗುವ ಜನ. ನಮಗೇಕೆ ಈ ಹಿಮದ ಹುಚ್ಚು? ದುಡ್ಡು ಕೊಟ್ಟು ಚಳಿ ಕೊಳ್ಳುವುದಾ?

ಗಂಗಾವತಿ ಅಕ್ಕ (ಕೊಪ್ಪಳ)

ನಿಮಗೆ ಒಂದು ವಿಷಯ ಗೊತ್ತಾ? ನನ್ನ ಮುಖ ಅಲ್ಲಿ ಸುಟ್ಟ ಹಾಗೆ ನಮ್ಮೂರ ಬಿಸಿಲಿಗೂ ಸುಟ್ಟಿಲ್ಲ. ಗದ್ದದ ಕೆಳಗೆ, ಮೂಗಿನ ಹೊಳ್ಳೆ ಒಳಗೆ ಕೂಡ. ಬಿಸಿಲು ಮೇಲಿನಿಂದ ಬಂದು ಹಿಮಕ್ಕೆ ಬಡಿದು ಕೆಳಗಿನಿಂದಲೂ ಬರುತ್ತದೆ. ಕಪ್ಪು ಕನ್ನಡಕ ಸುಮ್ನೆ ಸ್ಟೈಲಿಗೆ ಅಲ್ಲ.

ಮಕ್ಕಳ ಡಾಕ್ಟರ್ (ಬಳ್ಳಾರಿ)

ಅಕ್ಕ ಹೇಳಿದ್ದು ನಿಜ. ಹೊಸ ಹಿಮ ನೇರಳಾತೀತ ಕಿರಣದ ಸುಮಾರು 80 ಪರ್ಸೆಂಟ್ ವಾಪಸ್ ಎಸೆಯುತ್ತದೆ. ಮೇಲೆ ಹೋದಂತೆ ಆ ಕಿರಣವೇ ಜಾಸ್ತಿ, ಸಾವಿರ ಮೀಟರಿಗೆ ಹತ್ತು ಪರ್ಸೆಂಟ್ ಹತ್ತಿರ. ಮೋಡ ಇದೆ ಅಂತ ಕನ್ನಡಕ ತೆಗೆದರೆ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ ಶುರುವಾಗುತ್ತದೆ.

ಎತ್ತರದ ಬಗ್ಗೆಯೂ ಎರಡು ಮಾತು. 3,000 ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು 30 ಪರ್ಸೆಂಟ್ ಕಡಿಮೆ. ನಮ್ಮಂಥ ಬಯಲು ಸೀಮೆಯವರು 2,500 ದಾಟಿದರೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗಬಹುದು. ಗುಡ್ಡ ಹತ್ತುವ ಗಟ್ಟಿಗನಿಗೆ ಬರುವುದಿಲ್ಲ ಅಂತೇನಿಲ್ಲ. ತಲೆನೋವು ಇರುವಾಗ ಇನ್ನೂ ಮೇಲೆ ಹೋಗಬಾರದು, ಅಷ್ಟೇ. ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ ತಗೊಳ್ಳಿ. ಸಲ್ಫಾ ಅಲರ್ಜಿ ಇರುವವರು ಅದನ್ನು ಮರೆಯದೆ ಹೇಳಬೇಕು.

ಹಂಪಿ ಬಂಡೆ (ಆನೆಗುಂದಿ)

ಎಲ್ಲರ ಮಾತು ಮುಗಿಯಿತಾ? ಫೋನ್ ಎತ್ತದವನು ನಾನೇ.

ಕೋಟೆಗುಡ್ಡ ಅಣ್ಣ ಒಂದು ಮಾತು ಬಿಟ್ಟು ಬರೆದಿದ್ದಾರೆ. ನಮ್ಮ ಜೊತೆ ಗೈಡ್ ಒಬ್ಬನೇ ಅಲ್ಲ, ಸಹಾಯಕ ಹುಡುಗನೂ ಇದ್ದ. ಮೇಷ್ಟ್ರ ಜೊತೆ ಅವನನ್ನು, ಇನ್ನೊಬ್ಬರನ್ನು ಇಳಿಸಬಹುದಿತ್ತು. ನಾವು ತುಳಿದ ದಾರಿಯೇ ಇತ್ತು, ಕಣ್ಣು ಮುಚ್ಚಿ ಇಳಿಯಬಹುದು. ಉಳಿದ ಆರು ಜನ ಗೈಡ್ ಜೊತೆ ಮೇಲೆ ಹೋಗಿ, ಹತ್ತು ನಿಮಿಷ ನಿಂತು ಬರುತ್ತಿದ್ದೆವು. ಆಕಾಶ ನೀಲಿ. ಗಾಳಿ ಇಲ್ಲ. ಒಂದು ಗಂಟೆ ಅಂತ ಮಾತಾಗಿದ್ದರೆ ಅರ್ಧ ಗಂಟೆ ಆಚೀಚೆ ಆಗುವುದಿಲ್ಲವಾ? ನಾನು ಆರು ತಿಂಗಳು ದುಡ್ಡು ಕೂಡಿಸಿ ಹೋದವನು. ಅಲ್ಲಿಂದ ಇನ್ನೊಂದು ಕಡೆಯ ಬೆಟ್ಟಸಾಲು ಕಾಣುತ್ತದೆ ಅಂತ ಗೈಡ್ ಬೆಳಿಗ್ಗೆಯಿಂದ ಹೇಳುತ್ತಿದ್ದ.

ಮತ್ತೆ ಪಟ್ಟಿ ಕಟ್ಟಿದ ಲಾಡಿ ಯಾರದು ಅಂತಲೂ ಬರೆದಿಲ್ಲ. ನನ್ನ ಟ್ರ್ಯಾಕ್ ಪ್ಯಾಂಟಿನದು. ಇಳಿಯುವಾಗ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಪ್ಯಾಂಟು.

ಜೀನ್ಸ್ ಯೂನಿಟ್ (ಬಳ್ಳಾರಿ)

ತಮ್ಮ, ಪ್ಯಾಂಟಿನ ವಿಷಯದಲ್ಲಿ ನನಗಿಂತ ನೀನು ಲಕ್ಕಿ.

ನಿವೃತ್ತ ಹವಾಲ್ದಾರ್ (ಕುಷ್ಟಗಿ)

ಬಂಡೆ ತಮ್ಮ, ನಿನ್ನ ಸಿಟ್ಟು ಅರ್ಥ ಆಗುತ್ತದೆ. ನಾನು ಎರಡು ಚಳಿಗಾಲ ಕಾಶ್ಮೀರದ ಮೇಲಿನ ಪೋಸ್ಟ್‌ನಲ್ಲಿ ಕಳೆದವನು. ಗುಂಪು ಒಡೆಯುವುದು ಅಂದರೆ ನಮಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ಯಾಕೆ ಗೊತ್ತಾ? ಲಾಡಿ ಕಟ್ಟಿದ ಪಟ್ಟಿ ಮತ್ತೆ ಕಿತ್ತಿದ್ದರೆ? ಆ ಹುಡುಗ ಒಬ್ಬನೇ ಮೇಷ್ಟ್ರನ್ನು ಹೊತ್ತು ತರಲಾಗುತ್ತಿತ್ತಾ? ಆಳದ ಹಿಮದಲ್ಲಿ ನಡೆಯಲಾಗದ ಒಬ್ಬ ಮನುಷ್ಯನನ್ನು ಇಳಿಸಲು ಆರು ಜನ ಸಾಲುವುದಿಲ್ಲ. ನಾವು ಹೊತ್ತಿದ್ದೇವೆ, ಅದಕ್ಕೆ ಹೇಳುತ್ತಿದ್ದೇನೆ.

ಆಕಾಶ ನೀಲಿ ಇತ್ತು ಅಂದೆ. ಅಲ್ಲಿ ಚಳಿಗಾಲದ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡದ ಸಾಲು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ಅದು. ಬಂದರೆ ಎದುರಿಗಿನ ಮನುಷ್ಯ ಕಾಣುವುದಿಲ್ಲ. ತುಳಿದ ದಾರಿ ನಂಬಬೇಡ. ಗಾಳಿ ಎದ್ದರೆ ಹೊಸ ಹಿಮ ಹಾರಿಬಂದು ಹೆಜ್ಜೆ ಗುರುತು ಮುಚ್ಚಿಹೋಗುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ನಮ್ಮ ಕರ್ನಾಟಕದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅದು ಜೂನ್ ತಿಂಗಳು. ನೀವು ಹೋಗಿದ್ದು ಫೆಬ್ರವರಿ.

ಇನ್ನೊಂದು ಪ್ರಶ್ನೆ ಕೋಟೆಗುಡ್ಡಕ್ಕೆ. ಎರಡು ದಿನ ಮೊದಲು ದೊಡ್ಡ ಹಿಮ ಬಿದ್ದಿತ್ತು ಅಂದಿರಿ. ಥಾಚ್‌ಗೆ ಹೋಗುವ ಕೊನೆಯ ಏರು ಎಷ್ಟು ಕಡಿದಾಗಿತ್ತು? ಮರ ಇತ್ತಾ?

ಕೋಟೆಗುಡ್ಡ (ಬಳ್ಳಾರಿ)

ಕೊನೆಯ ಏರಿಗೆ ಮರ ಇರಲಿಲ್ಲ ಸರ್. ಬೋಳು. ಕಡಿದು ಎಷ್ಟು ಅಂತ ಅಳೆದಿಲ್ಲ, ನಮ್ಮ ಕೋಟೆ ಗುಡ್ಡದ ಮೆಟ್ಟಿಲಿನ ಏರಿನ ಹಾಗೆ ಅನ್ನಿಸಿತು. ಗೈಡ್ ಬೆಳಿಗ್ಗೆ ಅದನ್ನು ನೋಡಿ, ಅಲ್ಲಿ ಒಬ್ಬೊಬ್ಬರಾಗಿ ದಾಟಬೇಕು ಅಂದಿದ್ದ. ನಾನು ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

ನಿವೃತ್ತ ಹವಾಲ್ದಾರ್ (ಕುಷ್ಟಗಿ)

ಒಬ್ಬೊಬ್ಬರಾಗಿ ಅಂದರೆ ಅವನಿಗೆ ಹಿಮಕುಸಿತದ ಅನುಮಾನ ಇತ್ತು ಅಂತ. ನಿಮ್ಮ ಇಡೀ ಕಥೆಯಲ್ಲಿ ನನಗೆ ಭಯ ಆಗಿದ್ದು ಈ ಒಂದು ಮಾತಿಗೆ, ಪಟ್ಟಿಗಲ್ಲ.

ಹಿಮ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಕಡಿಮೆ ಇದ್ದರೆ ಸುಮ್ನೆ ಕೂತಿರುತ್ತದೆ. ನಡುವಿನದೇ ಅಪಾಯ. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನ ಬೋಳು ಏರಿಗೆ ಕಾಲಿಡಬಾರದು. ನಡೆಯುವಾಗ ಕಾಲಡಿ "ಧುಪ್" ಅಂತ ಸದ್ದು ಬಂದು, ಸುತ್ತಲಿನ ಹಿಮ ಒಂದು ಬೆರಳಷ್ಟು ಕುಸಿದ ಹಾಗೆ ಆದರೆ ಒಳಗಿನ ಪದರ ಗಟ್ಟಿಯಿಲ್ಲ ಅಂತ. ಅಲ್ಲಿಂದಲೇ ವಾಪಸ್. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತಿದ್ದು ಹೀಗೆ ಹಿಮ ಜಾರಿ.

ಹೂತುಹೋದವನನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆಯಬೇಕು. ಆಮೇಲೆ ಆಸೆ ಬೇಗ ಕರಗುತ್ತದೆ. ಕೆಳಗಿನಿಂದ ಯಾರೋ ಬಂದು ತೆಗೆಯುವಷ್ಟು ಸಮಯ ಇರುವುದಿಲ್ಲ, ಜೊತೆಯಲ್ಲಿದ್ದವರೇ ತೆಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಎದೆಗೆ ಸಿಗ್ನಲ್ ಕೊಡುವ ಬೀಕನ್, ಬ್ಯಾಗಿನಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ, ಸಲಿಕೆ. ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇತ್ತು?

ಕೋಟೆಗುಡ್ಡ (ಬಳ್ಳಾರಿ)

ಯಾರ ಹತ್ತಿರವೂ ಇರಲಿಲ್ಲ ಸರ್. ಸಲಿಕೆ ಗೈಡ್ ಹತ್ತಿರ ಒಂದು.

ನಿವೃತ್ತ ಹವಾಲ್ದಾರ್ (ಕುಷ್ಟಗಿ)

ಹಾಗಾದರೆ ಆ ಏರಿಗೆ ನೀವು ಹೊರಡಲೇಬಾರದಿತ್ತು. ಪಟ್ಟಿ ಕಿತ್ತಿದ್ದು ಒಳ್ಳೆಯದೇ ಆಯಿತು ಅಂದುಕೊಳ್ಳಿ.

ಮುಂದಿನ ಸಲ ಹೋಗುವವರಿಗೆ: ಡಿಜಿಆರ್‌ಇ ಅಂತ ಡಿಆರ್‌ಡಿಒದ ಸಂಸ್ಥೆ ಇದೆ, ಮೊದಲು ಸಾಸೆ ಅಂತಿತ್ತು. ಹಿಮಾಚಲ, ಕಾಶ್ಮೀರ, ಉತ್ತರಾಖಂಡದ ಜಿಲ್ಲೆಗಳಿಗೆ ಚಳಿಗಾಲದಲ್ಲಿ ಹಿಮಕುಸಿತದ ಎಚ್ಚರಿಕೆ ಕೊಡುತ್ತಾರೆ. ಹೊರಡುವ ದಿನ ಬೆಳಿಗ್ಗೆ ಅದನ್ನು ನೋಡಿ. ಕಾಡಿನೊಳಗಿನ ನಿಧಾನ ಏರು, ಮೇಲೆ ಬೋಳು ಬೆಟ್ಟ ಇಲ್ಲದ ಜಾಗ, ಅಂಥ ಕಡೆ ಸ್ನೋಶೂ ಹಾಕಿ ಎಷ್ಟು ಬೇಕಾದರೂ ನಡೆಯಿರಿ. ಕಲಿಯಬೇಕು ಅನ್ನುವ ಹುಡುಗರಿಗೆ ಮನಾಲಿಯಲ್ಲೇ ಪರ್ವತಾರೋಹಣ ಸಂಸ್ಥೆ ಇದೆ, ಅಟಲ್ ಬಿಹಾರಿ ವಾಜಪೇಯಿ ಹೆಸರಿನದು. ಕೋರ್ಸ್ ಮಾಡಿಸುತ್ತಾರೆ.

ಬಿಸಿಲೂರು (ರಾಯಚೂರು)

ನಾನು ಮನೆಯಲ್ಲೇ ಇರುತ್ತೇನೆ. ಫ್ರಿಜ್ ಬಾಗಿಲು ತೆಗೆದು ನೋಡುತ್ತೇನೆ.

ಹಂಪಿ ಬಂಡೆ (ಆನೆಗುಂದಿ)

ಹವಾಲ್ದಾರ್ ಕಾಕಾ, ಬೋಳು ಏರಿನ ಮಾತು ನನಗೆ ಗೊತ್ತಿರಲಿಲ್ಲ. ಬಂಡೆ ಹತ್ತುವವನಿಗೆ ಕಡಿದು ಅಂದರೆ ಖುಷಿ, ಅಲ್ಲಿ ಅದೇ ಅಪಾಯ. ಒಪ್ಪಿದೆ.

ಆದರೆ ಅಣ್ಣ ತಿರುಗಿಸಿದ್ದು ಅದಕ್ಕಲ್ಲವಲ್ಲ. ಅವರಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಸರಿಯಾದದ್ದಕ್ಕೆ ಅವರಿಗೆ ಶಹಬ್ಬಾಸ್ ಕೊಡುವುದಿಲ್ಲ.

ಮೇಷ್ಟ್ರು (ಮಾನ್ವಿ)

ಮಕ್ಕಳೇ, ನನ್ನ ಹೆಸರು ಬಂದು ಎರಡು ದಿನ ಆಯಿತು. ಸುಮ್ಮನಿರೋಣ ಅಂದುಕೊಂಡಿದ್ದೆ. ಆಗಲಿಲ್ಲ.

ಆ ದಿನ ಬೆಳಿಗ್ಗೆ ಏಳುವಾಗಲೇ ನನಗೆ ತಲೆನೋವಿತ್ತು. ರಾತ್ರಿ ನಿದ್ದೆಯೂ ಬಂದಿರಲಿಲ್ಲ. ಗೈಡ್ ಮನೆಯಲ್ಲಿ ತಿಂಡಿಗೆ ಸಿದ್ದು ಮಾಡಿದ್ದರು. ನಮ್ಮ ಕಡುಬಿನ ಹಾಗೆ ಆವಿಯಲ್ಲಿ ಬೇಯಿಸಿ, ಒಳಗೆ ಅಕ್ರೋಟಿನ ಹೂರಣ, ಮೇಲೆ ತುಪ್ಪ. ನನಗೆ ಅರ್ಧ ಕೂಡ ಇಳಿಯಲಿಲ್ಲ. ಉಳಿದದ್ದು ಬಂಡೆ ತಿಂದ. ನಿಂತಾಗೆಲ್ಲ ಓಕರಿಕೆ. 58 ವರ್ಷದವನು, ಎಲ್ಲರಿಗಿಂತ ದೊಡ್ಡವನು, ನನ್ನಿಂದ ಯಾರಿಗೂ ತೊಂದರೆ ಆಗಬಾರದು ಅಂತ ಬಾಯಿ ಬಿಡಲಿಲ್ಲ. ಪಟ್ಟಿ ಕಿತ್ತಾಗ ಒಳಗೊಳಗೆ ಸಮಾಧಾನ ಆಯಿತು. ಕಾಲು ಎಳೆಯಲು ನನಗೆ ಶಕ್ತಿಯೇ ಇರಲಿಲ್ಲ, ಆದರೆ ಎಲ್ಲರೂ ಪಟ್ಟಿಯನ್ನು ಬೈದರು. ನಾನು ಬೈಯಲು ಬಿಟ್ಟೆ.

ಇನ್ನೊಂದು. ಪಟ್ಟಿ ನೋಡಲು ಬಲಗೈ ಗ್ಲೌಸ್ ತೆಗೆದು ಪಕ್ಕದಲ್ಲಿಟ್ಟಿದ್ದೆ. ಅದು ಜಾರಿ ಇಳಿಜಾರಿನಲ್ಲಿ ಹೋಯಿತು. ನೋಡನೋಡುತ್ತಲೇ ಮರದ ಸಂದಿಗೆ ಹೋಗಿ ಕಾಣದಾಯಿತು. ಎರಡು ಬೆರಳ ತುದಿ ಬೆಳ್ಳಗೆ ಮೇಣದ ಹಾಗೆ ಆದವು. ಚಿವುಟಿದರೆ ಗೊತ್ತಾಗುತ್ತಿರಲಿಲ್ಲ. ಅಕ್ಕ ನೋಡಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ ಅಂದರು, ತಮ್ಮ ಕಾಲುಚೀಲ ಕೊಟ್ಟರು. ಕೈಗೆ ಕಾಲುಚೀಲ ಹಾಕಿಕೊಂಡು ಇಳಿದೆ. ಗಂಟೆ ಆದಮೇಲೆ ಉರಿ ಬಂತು. ಅಷ್ಟು ಒಳ್ಳೆಯ ಉರಿ ನಾನು ಕಂಡಿಲ್ಲ.

ಮಕ್ಕಳ ಡಾಕ್ಟರ್ (ಬಳ್ಳಾರಿ)

ಮೇಷ್ಟ್ರೇ, ದೊಡ್ಡವರು ಅಂತ ಬೈಯುತ್ತಿಲ್ಲ. ಹಸಿವಿಲ್ಲ, ತಲೆನೋವು, ನಿದ್ದೆಯಿಲ್ಲ, ಓಕರಿಕೆ. ಇದು ಎತ್ತರದ ಕಾಯಿಲೆಯೇ. ಅದರ ಮೇಲೆ ಇನ್ನೂ 400 ಮೀಟರ್ ಏರುತ್ತಿದ್ದಿರಿ. ಇಳಿದದ್ದೇ ಔಷಧಿ ಆಯಿತು.

ಬೆರಳಿಗೆ ಅಕ್ಕ ಮಾಡಿದ್ದು ಸರಿ. ಹಿಮ ಹಚ್ಚಿ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶ ಇರುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಕೆಳಗೆ ಬಂದ ಮೇಲೆ 37ರಿಂದ 39 ಡಿಗ್ರಿ ನೀರಿನಲ್ಲಿ ಇಡಬೇಕು, ಮಗುವಿಗೆ ಸ್ನಾನ ಮಾಡಿಸುವ ಬಿಸಿ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇರುವ ಕಡೆ ಕರಗಿಸಲೇಬಾರದು. ಇಂಥದ್ದು ಆದರೆ ಆಸ್ಪತ್ರೆಗೆ ತೋರಿಸಿ.

ಕೋಟೆಗುಡ್ಡ (ಬಳ್ಳಾರಿ)

ಮೇಷ್ಟ್ರೇ, ಬೆಳಿಗ್ಗೆ ನಾನು ನಿಮ್ಮನ್ನು "ಹೇಗಿದ್ದೀರಿ?" ಅಂತ ಕೇಳಿದೆ. ನೀವು "ಫಸ್ಟ್ ಕ್ಲಾಸ್" ಅಂದಿರಿ.

ಮೇಷ್ಟ್ರು (ಮಾನ್ವಿ)

ಎಲ್ಲರ ಎದುರಿಗೆ ಕೇಳಿದಿರಿ. ಎಲ್ಲರ ಎದುರಿಗೆ ಇನ್ನೇನು ಹೇಳಲಿ?

ಹಂಪಿ ಬಂಡೆ (ಆನೆಗುಂದಿ)

ಮೇಷ್ಟ್ರೇ, ನೀವು ಬೆಳಿಗ್ಗೆಯೇ ಹೇಳಿದ್ದರೆ ಆ ದಿನ ಎಲ್ಲರೂ ಊರಲ್ಲೇ ಇರುತ್ತಿದ್ದೆವು. ಒಂದು ದಿನ ಕೈಯಲ್ಲಿತ್ತು, ಮಾರನೇ ದಿನ ಹೋಗಬಹುದಿತ್ತು. ನಿಮ್ಮ ಸಿದ್ದು ತಿಂದದ್ದಕ್ಕೆ ನನಗೂ ಈಗ ಹೇಗೋ ಆಗುತ್ತಿದೆ. ಹಸಿವಿಲ್ಲ ಅಂದಿರಿ, ನಾನು ಖುಷಿಯಾಗಿ ತಟ್ಟೆ ಎಳೆದುಕೊಂಡೆ.

ಅಣ್ಣ, ನಾಳೆ ಫೋನ್ ಮಾಡಿ. ಎತ್ತುತ್ತೇನೆ.

ಜಿನ್ನಿಂಗ್ ಮಿಲ್ (ರಾಯಚೂರು)

ಅಬ್ಬಾ, ಧಾರಾವಾಹಿ. ಈಗ ನಮ್ಮಂಥವರಿಗೆ ಉಪಯೋಗದ್ದು ಹೇಳಿ. ಊಟಕ್ಕೆ ಏನು ಒಯ್ದಿರಿ? ಖರ್ಚು?

ಗಂಗಾವತಿ ಅಕ್ಕ (ಕೊಪ್ಪಳ)

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹಿಮಕ್ಕೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ರೊಟ್ಟಿಯಲ್ಲಿ ನೀರೇ ಇಲ್ಲ, ಹೆಪ್ಪುಗಟ್ಟುವುದು ಏನು? ಬಾಳೆಹಣ್ಣು ಕಲ್ಲಾಯಿತು, ಚಾಕೊಲೇಟ್ ಹಲ್ಲು ಮುರಿಯುವ ಹಾಗಾಯಿತು. ರೊಟ್ಟಿ ಮಾತ್ರ ಮನೆಯಲ್ಲಿ ಹೇಗಿತ್ತೋ ಹಾಗೇ. ಗೈಡ್ ಹುಡುಗ ಮೊದಲು ಹಪ್ಪಳ ಅಂದುಕೊಂಡ. ಆಮೇಲೆ ಹೋಗುವಾಗ ಉಳಿದ ಹನ್ನೆರಡನ್ನೂ ಇಸಿದುಕೊಂಡ. ಶೇಂಗಾ ಉಂಡೆ ಜೇಬಲ್ಲಿ ಇಟ್ಟುಕೊಂಡು ಆಗಾಗ ಬಾಯಿಗೆ ಹಾಕುತ್ತಿರಿ, ಒಂದೇ ಸಲ ಕೂತು ಉಣ್ಣುವಷ್ಟು ಹೊತ್ತು ನಿಂತರೆ ಮೈ ತಣ್ಣಗಾಗುತ್ತದೆ.

ನೀರಿನ ಬಾಟಲಿ ಬ್ಯಾಗಿನಲ್ಲಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಾಗಿದ್ದರೆ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಫೋನ್ ಒಳಜೇಬಿನಲ್ಲಿ. ಹೊರಗಿಟ್ಟರೆ ಬ್ಯಾಟರಿ ನೋಡನೋಡುತ್ತಲೇ ಇಳಿಯುತ್ತದೆ.

ಕೋಟೆಗುಡ್ಡ (ಬಳ್ಳಾರಿ)

ಖರ್ಚು ನಮಗೆ ತಲೆಗೆ 18 ಸಾವಿರ ಚಿಲ್ಲರೆ ಬಿತ್ತು, ಸ್ಲೀಪರ್ ರೈಲು ಸೇರಿ. ಬಟ್ಟೆ ಬೇರೆ. ಬೂಟು, ಸ್ನೋಶೂ ಬಾಡಿಗೆ ತಗೊಳ್ಳುವುದೇ ವಾಸಿ. ಆದರೆ ಪ್ರತಿ ಪಟ್ಟಿಯನ್ನೂ ಬಗ್ಗಿಸಿ, ಬಕಲ್ ಹಾಕಿ ಬಿಚ್ಚಿ ನೋಡಿ. ಗ್ಲೌಸ್ ಹಾಕಿಕೊಂಡೇ ಹಾಕಲು ಬರುತ್ತದಾ ನೋಡಿ. ಬ್ಯಾಗಿನಲ್ಲಿ ಹತ್ತು ಕೇಬಲ್ ಟೈ, ಎರಡು ಮಾರು ಹಗ್ಗ, ಇನ್ನೊಂದು ಜೊತೆ ಗ್ಲೌಸ್.

ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗುವ ಯೋಚನೆ ಇದೆ. ಥಾಚ್ ಬೇಡ, ಕಾಡಿನ ದಾರಿ. ಬೆಳಿಗ್ಗೆ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಪಕ್ಕಕ್ಕೆ ಕರೆದು ಕೇಳುವುದು ಅಕ್ಕನ ಕೆಲಸ, ಅವರಿಗೆ ಯಾರೂ ಸುಳ್ಳು ಹೇಳುವುದಿಲ್ಲ. ಬರುವವರು ಈಗಿನಿಂದ ಕಾಲು ಗಟ್ಟಿ ಮಾಡಿಕೊಳ್ಳಿ. ಕೊಪ್ಪಳದವರಿಗೆ ಅಂಜನಾದ್ರಿಯ 575 ಮೆಟ್ಟಿಲು ಇದೆ. ಬೆನ್ನಿಗೆ ಆರು ಕೆಜಿ ಹಾಕಿಕೊಂಡು ಎರಡು ಸಲ ಹತ್ತಿ ಇಳಿಯಿರಿ. ಬಳ್ಳಾರಿಯವರು ಭಾನುವಾರ ಬೆಳಿಗ್ಗೆ ಆರಕ್ಕೆ ಕೋಟೆ ಗುಡ್ಡದ ಕೆಳಗೆ.

ಬಿಸಿಲೂರು (ರಾಯಚೂರು)

ಸುಮ್ನೆ ಕೇಳುತ್ತೇನೆ, ರಾಯಚೂರಿನಿಂದ ಭಾನುವಾರ ಬೆಳಿಗ್ಗೆ ಆರಕ್ಕೆ ಬಳ್ಳಾರಿ ಮುಟ್ಟುವ ಬಸ್ಸು ಇದೆಯಾ?

ಮೇಷ್ಟ್ರು (ಮಾನ್ವಿ)

ಶನಿವಾರ ರಾತ್ರಿಯೇ ಬಂದು ಉಳಿಯಿರಿ. ನಾನೂ ಹಾಗೇ ಮಾಡುತ್ತೇನೆ. ಬಂಡೆ, ನೀನೂ ಬಾ. ನಿನ್ನ ಲಾಡಿ ನನ್ನ ಹತ್ತಿರವೇ ಉಳಿದಿದೆ, ಒಗೆದು ಇಟ್ಟಿದ್ದೇನೆ.

ಹಂಪಿ ಬಂಡೆ (ಆನೆಗುಂದಿ)

ಬರುತ್ತೇನೆ ಮೇಷ್ಟ್ರೇ. ಅಲ್ಲಿಯವರೆಗೆ ಸೇಫ್ಟಿ ಪಿನ್ ಇದೆ.